ಯಾರದೂ ಅಲ್ಲದ ಗೋಡೆ

ಆಗಸ್ಟ್ ೨೦, ಮಂಗಳವಾರ

ಕೊನೆಗೂ ಬಿತ್ತು. ಮದುವೆಯಾಗಿ ಬಂದಾಗಿನಿಂದ ನಾನು ಮನಸ್ಸಿನಲ್ಲೇ ಕೆಡವುತ್ತ ಬಂದಿದ್ದ ಈ ಮಣ್ಣಿನ ಕೊಂಪೆಯ ಅಡುಗೆಮನೆ ಇವತ್ತು ನಸುಕಿನಲ್ಲಿ ತಾನಾಗಿಯೇ ಕುಸಿದು ಕೂತಿತು. ಹಗಲು ರಾತ್ರಿ ಜಡಿದ ಮಳೆಗೆ ನಮ್ಮ ಊರು ಸವಡಿಯಲ್ಲಿ ಇನ್ನೂ ಕೆಲವು ಮನೆಗಳು ಬಿದ್ದಿವೆಯಂತೆ. ನಮ್ಮದು ಬೀಳುವಾಗ ದೊಡ್ಡ ಸದ್ದೂ ಮಾಡಲಿಲ್ಲ. ಧಪ್ ಎಂದಿತು, ಅಷ್ಟೇ. ಬೀಳುವುದಕ್ಕೂ ಒಂದು ಗತ್ತಿಲ್ಲ ಇದಕ್ಕೆ.

ಯಾರಿಗೂ ಏನೂ ಆಗಲಿಲ್ಲ. ಪಡಸಾಲೆಯಲ್ಲಿ ಮಲಗಿದ್ದ ಅತ್ತೆ ಮುದುಕವ್ವ ಎದ್ದು ಬಂದು ನೋಡಿ, "ಅಯ್ಯ ನಮ್ಮವ್ವ, ಹಿಟ್ಟಿನ ಡಬ್ಬಿ ಒಳಗ ಉಳೀತಲ್ಲ" ಎಂದು ಎದೆ ಬಡಿದುಕೊಂಡರು. ತಲೆಯ ಮೇಲಿನ ಮಣ್ಣಿನ ಮಾಳಿಗೆ ಹೋಯಿತು, ಗೋಡೆ ಹೋಯಿತು, ಇವರಿಗೆ ಹಿಟ್ಟಿನ ಚಿಂತೆ. ನನ್ನ ಗಂಡ ಗುರುಸಂಗಪ್ಪ, ನರಗುಂದದ ಬಟ್ಟೆ ಅಂಗಡಿಯಲ್ಲಿ ಮೀಟರುಗೋಲು ಹಿಡಿಯುವ ಧೀರರು, ಬ್ಯಾಟರಿ ಬೆಳಕು ಬಿಟ್ಟು ಆ ಕಡೆ ಈ ಕಡೆ ನೋಡಿ, "ನೋಡೂಣು" ಎಂದರು. ಭೂಕಂಪವಾದರೂ ಅವರು ಇಷ್ಟೇ ಅನ್ನುವುದು.

ಬೆಳಕು ಹರಿಯುವುದರೊಳಗೆ ಪಕ್ಕದ ಮನೆಯ ಕಾಶೀಂಬಿ ಚಹಾದ ಪಾತ್ರೆ ಹಿಡಿದು ಬಂದಳು. ನಮ್ಮ ಎರಡು ಮನೆಗೂ ನಡುವೆ ಇರುವುದು ಒಂದೇ ಗೋಡೆ. ನಮ್ಮ ತೊಲೆಗಳು ಈ ಕಡೆಯಿಂದ ಅದರ ಮೇಲೆ ಕೂತಿವೆ, ಅವಳ ತೊಲೆಗಳು ಆ ಕಡೆಯಿಂದ. ಅದೊಂದು ಬೀಳದೆ ನಿಂತಿದೆ, ಬಿರುಕು ಬಿಟ್ಟುಕೊಂಡು. ಅದರಲ್ಲಿ ಅಂಗೈ ಅಗಲದ ಕಿಂಡಿ ಬೇರೆ. ಆ ಕಿಂಡಿಯಿಂದ ಅತ್ತೆಗೂ ಕಾಶೀಂಬಿಗೂ ದಿನವೆಲ್ಲ ಮಾತು, ಪಲ್ಯ, ಹೆರೆದ ಕೊಬ್ಬರಿ, ಊರ ಸುದ್ದಿ ಎಲ್ಲ ಹೋಗಿ ಬರುತ್ತದೆ. ರೋಣದ ದವಾಖಾನೆಯಲ್ಲಿ ನರ್ಸ್ ಕೆಲಸದ ರಾತ್ರಿ ಪಾಳಿ ಮುಗಿಸಿ ಬಂದು ನಿದ್ದೆ ಮಾಡಬೇಕೆಂದರೆ ನನಗೆ ಆ ಕಿಂಡಿಯೇ ಶತ್ರು.

ನಗು ಬರುತ್ತಿದೆ. ಮುಂದಿನ ಎರಡು ಕೋಣೆಯ ನೆಲಕ್ಕೆ ಕಲ್ಲು ಹಾಸಲು ಸಾಲ ಕೊಟ್ಟಾಗ ಬ್ಯಾಂಕಿನವರು ಕುತ್ತಿಗೆ ಹಿಡಿದು ಮನೆಗೆ ವಿಮೆ ಮಾಡಿಸಿದ್ದರು. ಅವತ್ತು ಅವರನ್ನು ಬೈದಿದ್ದೆ. ಇವತ್ತು ಅವರಿಗೊಂದು ಪೇಡೆ ಕೊಡಬೇಕು ಅನ್ನಿಸುತ್ತಿದೆ.

ಆಗಸ್ಟ್ ೨೨, ಗುರುವಾರ

ಬ್ಯಾಂಕಿಗೆ ಹೋಗಿದ್ದೆ. ಮ್ಯಾನೇಜರ್ ಮಹಾಶಯ ವಿಮೆಯ ಕಂಪನಿಗೆ ಫೋನ್ ಮಾಡಿಕೊಟ್ಟ. ಎರಡು ಸಂಗತಿ ತಿಳಿದವು. ಒಂದು, ಸರ್ವೇಯರ್ ಬಂದು ನೋಡುವ ತನಕ ಬಿದ್ದದ್ದನ್ನು ಮುಟ್ಟಬಾರದು. ಇನ್ನೊಂದು, ಇಡೀ ಮನೆ ಹೋಯಿತು ಎಂದಾದರೆ ಹೊಸದಾಗಿ ಕಟ್ಟುವ ಖರ್ಚು ಕೊಡುತ್ತಾರೆ, ಅದನ್ನು ಬೇರೆ ಜಾಗದಲ್ಲೂ ಕಟ್ಟಬಹುದು. ಬರೀ ಒಂದು ತುಂಡು ಹೋಯಿತು ಎಂದಾದರೆ ಆ ತುಂಡಿನ ದುರಸ್ತಿಗೆ ಮಾತ್ರ ದುಡ್ಡು, ಅದೂ ಹಳೆಯದಾದದ್ದಕ್ಕೆ ಸವಕಳಿ ಕಳೆದು.

ಬೇರೆ ಜಾಗದಲ್ಲೂ ಕಟ್ಟಬಹುದು! ರೋಣದಲ್ಲಿ ಗಜೇಂದ್ರಗಡ ರಸ್ತೆಯ ಬದಿ ನಮ್ಮದೊಂದು ಪ್ಲಾಟು ಬಿದ್ದಿದೆ, ನನ್ನ ಪಗಾರ ಕೂಡಿಸಿ ಕೊಂಡದ್ದು. ಕಟ್ಟಲು ಕಾಸಿಲ್ಲದೆ ಜಾಲಿ ಬೆಳೆದಿದೆ. ಅಲ್ಲಿ ಒಂದು ಸ್ಲ್ಯಾಬಿನ ಮನೆ, ನಳ, ಟೈಲ್ಸ್ ಹಾಕಿದ ಅಡುಗೆಕಟ್ಟೆ. ಡ್ಯೂಟಿ ಮುಗಿಸಿ ನಡೆದುಕೊಂಡು ಮನೆಗೆ ಹೋಗಬಹುದು. ಬಸ್ಸಿಗೆ ಕಾದು ಕಾದು ಅರ್ಧ ಜೀವ ತೇಯ್ದಿದ್ದೇನೆ.

ಸಂಜೆ ಮನೆಯಲ್ಲಿ ನಿಂತು ಎಲ್ಲರಿಗೂ ತಾಕೀತು ಮಾಡಿದೆ. "ಒಂದ ಕಲ್ಲ ಸೈತ ಮುಟ್ಟಬ್ಯಾಡ್ರಿ. ಹ್ಯಾಂಗ ಬಿದ್ದದೋ ಹಂಗ ಇರ್ಲಿ."

"ಆತ ಬಿಡವ್ವ" ಎಂದರು ಅತ್ತೆ.

ಆಗಸ್ಟ್ ೨೭, ಮಂಗಳವಾರ

ನನ್ನ ತಲೆ ಕೆಟ್ಟು ಮೊಸರು ಗಡಿಗೆಯಾಗಿದೆ.

ನಿನ್ನೆ ರಾತ್ರಿ ಪಾಳಿ ಇತ್ತು. ಸರ್ವೇಯರ್ ಬೆಳಿಗ್ಗೆ ಬರುತ್ತಾನೆಂದು ಮನೆಯಲ್ಲಿ ಹೇಳಿಯೇ ಹೋಗಿದ್ದೆ. ಅದೇ ನಾನು ಮಾಡಿದ ತಪ್ಪು. ಬೆಳಿಗ್ಗೆ ಬಸ್ಸಿಳಿದು ಬಂದು ನೋಡುತ್ತೇನೆ, ಬಿದ್ದ ಮನೆಯೇ ಇಲ್ಲ! ಕುಸಿದ ಮಣ್ಣನ್ನೆಲ್ಲ ಒಂದು ಮೂಲೆಗೆ ಕಟ್ಟೆಯ ಹಾಗೆ ಪೇರಿಸಿ, ಅದರ ಮೇಲೆ ಸೆಗಣಿ ಸಾರಿಸಿದ್ದಾರೆ. ಕಲ್ಲುಗಳನ್ನು ಸಾಲಾಗಿ ಹೊಂದಿಸಿದ್ದಾರೆ. ಮುರಿದ ತೊಲೆಗಳು ಬಣವೆಯ ಹಿಂದೆ. ಅಡುಗೆಮನೆ ಇದ್ದ ನೆಲದ ಮೇಲೆ ರಂಗೋಲಿ! ನಡುಗೋಡೆಯ ಮೇಲೆ ಒಲೆಯ ಮಸಿಯಾದರೂ ಉಳಿದಿತ್ತು, ಅದಕ್ಕೂ ಸುಣ್ಣ ಬಳಿದು, ಬಿರುಕಿಗೆ ಹಸಿಮಣ್ಣು ಮೆತ್ತಿ ಮುಚ್ಚಿದ್ದಾರೆ.

ಅತ್ತೆ ಮತ್ತು ಕಾಶೀಂಬಿ ಇಬ್ಬರೂ ಮೊಣಕೈ ತನಕ ಸುಣ್ಣ ಮಾಡಿಕೊಂಡು ನಿಂತಿದ್ದರು, ಶಾಬಾಸ್ ಅನ್ನಿಸಿಕೊಳ್ಳಲು.

"ಇದೇನ ಮಾಡೀರಿ ಅತ್ತೀ!"

"ಮತ್ತ? ಸಾಹೇಬ ಮನಿಗೆ ಬರ್ತಾನಂದ್ರ ಬಿದ್ದ ಮನಿ ತೋರಸ್ತಾರೇನು? ಮಾನ ಬ್ಯಾಡಾ?"

ಕಾಶೀಂಬಿ ದನಿಗೂಡಿಸಿದಳು. "ನಸಿಕಿನ್ಯಾಗ ಎದ್ದೀವಿ ಸುವರ್ಣವ್ವ. ನೀ ದಣದ ಬರ್ತಿ, ನಿನಗ್ಯಾಕ ತ್ರಾಸು ಅಂತ."

ದವಾಖಾನೆಗೆ ಕೆಲವರು ಮುಖ ತೊಳೆದು, ಪೌಡರ್ ಹಚ್ಚಿ, ಹೊಸ ಸೀರೆ ಉಟ್ಟು ಬರುತ್ತಾರೆ. ಡಾಕ್ಟರ್ ಏನಾಗಿದೆ ಎಂದು ಕೇಳಿದರೆ "ಆರಾಮ ಅದೀನ್ರಿ" ಎನ್ನುತ್ತಾರೆ. ಒಳಗೆ ಕರುಳು ಕೊಳೆಯುತ್ತಿರುತ್ತದೆ. ಅಂಥವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಈಗ ನನ್ನ ಮನೆಯೇ ಹಾಗೆ ನಿಂತಿತ್ತು.

ಬಾಯಿ ತೆರೆಯುವುದರೊಳಗೆ ಕಾರು ಬಂತು. ಸರ್ವೇಯರ್ ಬಸವಪ್ರಸಾದ, ಗದಗಿನವನು, ಇಸ್ತ್ರಿಯ ಅಂಗಿ, ಕೈಯಲ್ಲಿ ಗೋಡೆಗೆ ಕೆಂಪು ಚುಕ್ಕೆ ಬಿಟ್ಟು ಅಳತೆ ಹೇಳುವ ಯಂತ್ರ. "ಏನ್ರಿ ಅದು, ಗ್ವಾಡಿಗೆ ಕುಂಕುಮದ ಟಿಕಳಿ ಇಟ್ಟಂಗ ಆತಲ್ಲ" ಎಂದು ಅತ್ತೆ ಬೆರಗಾದರು. ಅವನು ಸುತ್ತ ನೋಡಿ ಕೇಳಿದ.

"ಮೇಡಂ, ಬಿದ್ದದ್ದು ಎಲ್ಲೈತ್ರಿ?"

ರಂಗೋಲಿ ತೋರಿಸಿದೆ. ಇನ್ನೇನು ತೋರಿಸಲಿ?

ಅವನು ಕೀಲಿಯಿಂದ ಸುಣ್ಣ ಕೆರೆದ. ಕೆಳಗೆ ಮಸಿ ಕಂಡಿತು. ದೇವರು ದೊಡ್ಡವನು. ಬಣವೆಯ ಹಿಂದಿನ ತೊಲೆಗಳ ಫೋಟೋ ತೆಗೆದ. ಅಷ್ಟರಲ್ಲಿ ಅತ್ತೆ ಮಂಡಕ್ಕಿ ಒಗ್ಗರಣೆ ತಂದಿಟ್ಟು, ಎದುರಿಗೆ ಕೂತು ಮನೆಯ ದೊಡ್ಡಸ್ತಿಕೆ ಶುರುಮಾಡಿದರು.

"ಭಾಳ ಹಳೇ ಮನಿ ಏನ್ರಿ ಅಜ್ಜಿ?"

"ಹಳೇದಂದ್ರ! ನಮ್ಮ ಮಾವನ ಅಪ್ಪ ಕಟ್ಟಿಸಿದ್ದು. ನೂರರ ಮ್ಯಾಲ ಆತು. ಊರಾಗ ಇಷ್ಟ ಹಳೇ ಮನಿ ಮತ್ತೊಂದಿಲ್ಲ."

ಅವನು ಬರೆದುಕೊಂಡ. ನಾನು ಕಣ್ಸನ್ನೆ ಮಾಡಿದೆ. ಅತ್ತೆಗೆ ನನ್ನ ಕಣ್ಣು ಎಂದು ಕಂಡಿತ್ತು, ಇವತ್ತು ಕಾಣಲು?

"ಬಿದ್ದಿದ್ದರಿಂದ ತ್ರಾಸ ಆಗೇತೇನ್ರಿ?"

"ಏ, ತ್ರಾಸೇನಿಲ್ಲಪ್ಪ. ಸಣ್ಣ ಅಡಿಗಿಮನಿ. ಕಾಶಿ ಮನ್ಯಾಗ ರೊಟ್ಟಿ ಬಡೀತೀವಿ. ನೀ ತಿನ್ನು, ಆರತೈತಿ."

ಅದನ್ನೂ ಬರೆದುಕೊಂಡ. ಹೊಟ್ಟೆ ತುಂಬ ತಿಂದು, ಅತ್ತೆಯ ಕಾಲು ಮುಟ್ಟಿ ನಮಸ್ಕರಿಸಿ ಹೋದ. ಅವರ ಬಾಯಿಂದ ಬಿದ್ದ ಒಂದೊಂದು ಮಾತಿಗೂ ನನ್ನ ರೋಣದ ಮನೆಯ ಒಂದೊಂದು ಕೋಣೆ ಹೋಯಿತು.

ಆಗಸ್ಟ್ ೨೮

ಅತ್ತೆಯ ಜೊತೆ ಮಾತು ಬಿಟ್ಟಿದ್ದೇನೆ. ಅವರಿಗೆ ಗೊತ್ತಾದ ಹಾಗಿಲ್ಲ. ಕಿಂಡಿಯ ಮುಂದೆ ಕೂತು ಸಾಹೇಬ ಎಷ್ಟು ಸಂಭಾವಿತ ಎಂದು ಹೊಗಳುತ್ತಿದ್ದಾರೆ.

ಸೆಪ್ಟೆಂಬರ್ ೧೧, ಬುಧವಾರ

ಸರ್ವೇಯರನ ಮೊದಲ ಲೆಕ್ಕ ಫೋನಿಗೆ ಬಂತು. ಓದಿ ಮೈಯೆಲ್ಲ ಉರಿಯಿತು. ಬಿದ್ದದ್ದು ಅಡುಗೆಮನೆ ಮಾತ್ರವಂತೆ, ದುರಸ್ತಿ ಸಾಕಂತೆ. ಮಣ್ಣು ಅಲ್ಲೇ ಸಿಗುವುದರಿಂದ ಅದರ ಬೆಲೆ ಸೊನ್ನೆ. ಮಣ್ಣು ತುಳಿಯುವ ಕೆಲಸಕ್ಕೆ ರಸೀದಿ ಇಲ್ಲ, ಆದ್ದರಿಂದ ಅದೂ ಸೊನ್ನೆಗೆ ಹತ್ತಿರ. ಗೋಡೆಯ ಅಳತೆಯಲ್ಲಿ ಕಿಂಡಿಯನ್ನು ಕಳೆದಿದ್ದಾನೆ ಪುಣ್ಯಾತ್ಮ! ಕೊನೆಗೆ ಉಳಿದದ್ದರಲ್ಲಿ ಮನೆ ನೂರು ವರ್ಷದ್ದೆಂದು ಮುಕ್ಕಾಲು ಪಾಲು ಸವಕಳಿ.

ಅವನ ಬಳಿ ಸರ್ಕಾರಿ ದರಗಳ ಪಟ್ಟಿ ಇದೆ. ಅದರಲ್ಲಿ ಇಟ್ಟಿಗೆ ಇದೆ, ಸಿಮೆಂಟು ಇದೆ, ಗೋಡೆಗೆ ಹಚ್ಚುವ ಪುಟ್ಟಿಯೂ ಇದೆ. ಮಣ್ಣಿನ ಗೋಡೆ ಇಲ್ಲ. ಅವನ ಪ್ರಕಾರ ನಾವು ಇಷ್ಟು ವರ್ಷ ಇಲ್ಲದ ಮನೆಯೊಳಗೆ ಇದ್ದೆವು.

ಡ್ಯೂಟಿ ಕೋಣೆಯ ಬಾಗಿಲು ಹಾಕಿಕೊಂಡು ಫೋನ್ ಮಾಡಿದೆ.

"ಮಾಳಿಗಿ ನೂರು ವರ್ಷದ್ದಂತ ಯಾರ ಹೇಳಿದ್ರಿ ನಿಮಗ? ವರ್ಷಾ ವರ್ಷಾ ಮಳಿಗಾಲಕ್ಕ ಮೊದಲ ಕರಲು ಮಣ್ಣು ಹೊತ್ತು ಹಾಕ್ತೀವಿ. ನಾನ ಹೊತ್ತೀನಿ ಬುಟ್ಟೀಲೆ. ನೀರು ಇಳೀಬಾರದಂತ ಹಾಕೂ ಮಣ್ಣದು. ಮ್ಯಾಲಿಂದು ಈ ವರ್ಷದ್ದು. ಅದಕ್ಕ ನೂರು ವರ್ಷದ ಸವಕಳಿ ಹ್ಯಾಂಗ್ರಿ?"

"ಮೇಡಂ, ನಿಯಮದಾಗ..."

"ಆ ಗೋಡಿ ಎಷ್ಟ ದಪ್ಪ ಐತಿ ನೋಡೀರಿಲ್ಲೋ? ಮೊಳದ ಮ್ಯಾಲ. ಬ್ಯಾಸಿಗ್ಯಾಗ ನಮ್ಮ ದವಾಖಾನಿ ಸ್ಲ್ಯಾಬಿನ ಕೆಳಗ ಫ್ಯಾನು ಬೆಂಕಿ ಊದತಾವು. ನಮ್ಮ ಪಡಸಾಲ್ಯಾಗ ಮಧ್ಯಾಹ್ನ ಮಲಗಿದ್ರ ಹೊಚ್ಚಿಕೊಳ್ಳಾಕ ದುಪ್ಪಟಿ ಬೇಕು. ಅಷ್ಟ ತಂಪು ಕೊಡೂ ಮನಿ ಹೊಸದಾಗಿ ಕಟ್ಟಿಕೊಡ್ರಿ, ಎಷ್ಟಾಗತೈತಿ ಲೆಕ್ಕ ಹಾಕ್ರಿ!"

ಅವನು, ಎಂಜಿನಿಯರನ್ನು ಕರೆದುಕೊಂಡು ಇನ್ನೊಮ್ಮೆ ಬರುತ್ತೇನೆ ಎಂದ. ಸೋತ. ಇದೆಲ್ಲ ವಾದಕ್ಕೆ ಹೇಳಿದ್ದು, ಅಷ್ಟೇ. ದುಪ್ಪಟಿಯ ವಿಷಯ ಖರೆ, ಆದರೆ ಅದೇನು ದೊಡ್ಡ ಸಂಗತಿಯಲ್ಲ.

ಸೆಪ್ಟೆಂಬರ್ ೧೯, ಗುರುವಾರ

ಗಜೇಂದ್ರಗಡದಿಂದ ಹಳೆ ಕಟ್ಟಿಗೆಯ ವ್ಯಾಪಾರಿ ಮದರಸಾಬ ಬಂದಿದ್ದ. ಬಸವಪ್ರಸಾದನೇ ಕಳಿಸಿದ್ದು. ಮನೆ ಕೆಡವಿದರೆ ಉಳಿಯುವ ಸಾಮಾನಿಗೆ ಎಷ್ಟು ಬರುತ್ತದೆ ಎಂದು ತಿಳಿಯಬೇಕಂತೆ, ಅಷ್ಟನ್ನು ಕಂಪನಿ ನಮ್ಮ ದುಡ್ಡಿನಲ್ಲಿ ಮುರಿದುಕೊಳ್ಳುತ್ತದೆ. ಮದರಸಾಬ ಕಂಬ ಸವರಿದ, ತೊಲೆಗೆ ಬಡಿದು ಕಿವಿಗೊಟ್ಟ, ತಲೆಬಾಗಿಲ ಮುಂದೆ ಕೂತು ಬೀಡಿ ಹಚ್ಚುವುದನ್ನೇ ಮರೆತ.

"ಅಕ್ಕಾರ, ಇಂಥಾ ಸಾಗವಾನಿ ಈಗ ದುಡ್ಡ ಕೊಟ್ರೂ ಸಿಗಂಗಿಲ್ರಿ. ಹಳೇದಾದಷ್ಟೂ ಕಿಮ್ಮತ್ತು. ದೊಡ್ಡ ದೊಡ್ಡ ಹೋಟೆಲ್‌ನವರು ಒಯ್ತಾರ."

ಅವನು ಹೇಳಿದ ರೇಟು ಕೇಳಿ ನಾನು ಒಮ್ಮೆ ಜೋರಾಗಿ ನಕ್ಕೆ. ಮನೆಯಾಗಿ ನಿಂತಿದ್ದರೆ ಕಟ್ಟಿಗೆ ಹಳೆಯದು, ಆದ್ದರಿಂದ ಬೆಲೆಯಿಲ್ಲ. ಅದನ್ನೇ ಕಿತ್ತು ಅಂಗಳದಲ್ಲಿಟ್ಟರೆ ಹಳೆಯದು, ಆದ್ದರಿಂದ ಬಂಗಾರ. ಕಂಪನಿಗೆ ಎರಡೂ ಕಡೆ ಲಾಭ. ಇಂಥ ಬುದ್ಧಿ ಎಲ್ಲಿ ಕಲಿಸುತ್ತಾರೋ, ಅಲ್ಲಿ ನಮ್ಮ ಮನೆಯವರನ್ನು ಒಂದು ವರ್ಷ ಸೇರಿಸಬೇಕು. ಬಸವಪ್ರಸಾದನಿಗೆ ಫೋನ್ ಮಾಡಿ, ಒಂದೇ ತೊಲೆಗೆ ಎರಡು ವಯಸ್ಸು ಹೇಗೆ ಎಂದು ಕೇಳಿದೆ. ಆ ಕಡೆಯಿಂದ ಕೆಮ್ಮು ಬಂತು. "ಕಟ್ಟಿಗಿ ಸವಕಳಿ ತಗೀತೀನ್ರಿ ಮೇಡಂ" ಎಂದ.

ಗಂಡನಿಗೆ ಹೇಳಿದೆ. "ಹೌದೇನು? ನೋಡೂಣು" ಎಂದರು.

ಮದರಸಾಬ ಹೋದ ಮೇಲೆ ಅತ್ತೆ ತಲೆಬಾಗಿಲಿಗೆ ಎಣ್ಣೆ ಹಚ್ಚಿ ಒರೆಸುತ್ತಿದ್ದರು. ಯಾಕೆಂದು ಕೇಳಿದರೆ, ಪರರ ಕೈ ಬಿದ್ದಿತ್ತಂತೆ. ಮೇಲಿನ ಚೌಕಟ್ಟಿಗೆ ಅವರ ಕೈ ನಿಲುಕುತ್ತಿರಲಿಲ್ಲ, ಅದನ್ನಷ್ಟೇ ಒರೆಸಿ ಬಂದೆ.

ಸೆಪ್ಟೆಂಬರ್ ೨೭, ಶುಕ್ರವಾರ

ಇವತ್ತಿನ ನಾಟಕ ಬರೆಯದಿದ್ದರೆ ನಿದ್ದೆ ಬರುವುದಿಲ್ಲ.

ಬಸವಪ್ರಸಾದ ಎಂಜಿನಿಯರನ್ನು ಕರೆತಂದ. ಆತ ನಡುಗೋಡೆಯ ಬಿರುಕಿಗೆ ಮೆತ್ತಿದ್ದ ಮಣ್ಣು ಕಿತ್ತು ಕೈ ತೂರಿಸಿ ನೋಡಿ, ತನ್ನ ತೀರ್ಪು ಹೇಳಿದ. ಮನೆಯ ತೊಲೆಗಳ ಭಾರವೆಲ್ಲ ಹೊತ್ತಿರುವುದು ಅದೊಂದೇ ಗೋಡೆ. ಅದು ನಮ್ಮದೇ ಆದರೆ, ಕೆಟ್ಟ ಗೋಡೆಯ ಮೇಲೆ ನಿಂತ ಇಡೀ ಮನೆ ಕೆಟ್ಟಂತೆ. ಪೂರ್ತಿ ಕೆಡವಬೇಕು, ಹೊಸ ಮನೆಯ ಖರ್ಚು ಪೂರ್ತಿ ಸಿಗುತ್ತದೆ. ಗೋಡೆ ಪಕ್ಕದವರದಾದರೆ ಅದನ್ನು ಕೆಡವುವ ಹಕ್ಕು ನಮಗಿಲ್ಲ. ಅದಕ್ಕೆ ಕಲ್ಲಿನ ಆಸರೆ ಕೊಟ್ಟು, ಅಡುಗೆಮನೆಯನ್ನಷ್ಟೇ ಕಟ್ಟಿಕೊಳ್ಳಬೇಕು, ಅಷ್ಟಕ್ಕೇ ದುಡ್ಡು.

ಅಂತೂ ಸಿಕ್ಕಿತಲ್ಲ ದಾರಿ!

ಬಸವಪ್ರಸಾದ ಪೆನ್ನು ತೆಗೆದು ಕೇಳಿದ. "ಅಜ್ಜಿ, ಈ ಗ್ವಾಡಿ ಯಾರದ್ರಿ?"

ಅತ್ತೆ ಹಿಂದೆಮುಂದೆ ನೋಡದೆ, "ಕಾಶೀದು" ಎಂದರು.

ಬಾಗಿಲಲ್ಲಿ ನಿಂತಿದ್ದ ಕಾಶೀಂಬಿ ಸೆರಗು ಹೊದ್ದು ಮುಂದೆ ಬಂದಳು. "ಯಕ್ಕಾ, ಹಂಗ್ಯಾಕ ಅಂತಿ! ಸಾಹೇಬ್ರ, ಅದು ಇವರ ಗ್ವಾಡಿ. ನಾವು ತೊಲಿ ಇಟ್ಟೀವಿ, ಅಷ್ಟ."

"ಖಾಜಾಸಾಬನ ಅಪ್ಪ ಮಣ್ಣು ತುಳದ ಕಟ್ಟಿದ್ದು. ನಮ್ಮವರು ಬರೇ ನೀರ ಹೊತ್ತಾರ." ಎಂದರು ಅತ್ತೆ. ಖಾಜಾಸಾಬ ಕಾಶೀಂಬಿಯ ಗಂಡ, ತೀರಿಕೊಂಡು ವರ್ಷಗಳಾದವು.

"ಮಣ್ಣು ಯಾರ ಹೊಲದ್ದು? ನಿಮ್ಮದ! ಮಣ್ಣು ನಿಮ್ಮದಂದ್ರ ಗ್ವಾಡಿ ನಿಮ್ಮದ."

"ಏ, ಸುಮ್ನಿರ. ನಾವು ಆಸರಕ್ಕ ಆನಿಸಿಕೊಂಡವರು."

"ನಾವು ಆನಿಸಿಕೊಂಡವರು, ನೀವಲ್ಲ."

ಸರ್ವೇಯರ್ ಬಿಟ್ಟ ಬಾಯಿ ಬಿಟ್ಟುಕೊಂಡೇ ನಿಂತ. ಗೇಣು ಜಾಗಕ್ಕೆ ಕೋರ್ಟು ಹತ್ತುವ ಅಣ್ಣತಮ್ಮಂದಿರನ್ನು ಅವನು ದಿನಾ ನೋಡುತ್ತಾನಂತೆ. ಬೇಡ ಬೇಡ ಎಂದು ಗೋಡೆಯನ್ನು ಆಚೆಗೊಮ್ಮೆ ಈಚೆಗೊಮ್ಮೆ ತಳ್ಳುವವರನ್ನು ನೋಡಿದ್ದು ಇದೇ ಮೊದಲಂತೆ. "ಯಾರದೂ ಅಲ್ಲ ಅಂದ್ರ ಯಾರಿಗೂ ಏನೂ ಬರಂಗಿಲ್ರಿ ಮೇಡಂ" ಎಂದು ನನ್ನ ಕಡೆ ತಿರುಗಿದ. ಕಾಗದಪತ್ರ ನೋಡಿದರೆ ಅದರಲ್ಲೂ ಗೋಡೆಯ ಮಾತಿಲ್ಲ. ಹಿರಿಯರು ಬಾಯಿಮಾತಿನಲ್ಲೇ ಮನೆ ಕಟ್ಟಿ, ಬಾಯಿಮಾತಿನಲ್ಲೇ ಸತ್ತಿದ್ದಾರೆ.

ಮನೆಯ ಖಾತೆ ನನ್ನ ಮತ್ತು ಗಂಡನ ಹೆಸರಿನಲ್ಲಿದೆ. ಆದ್ದರಿಂದ ಗೋಡೆ ನಮ್ಮದೆಂದು ನಾನು ಬರೆದುಕೊಟ್ಟು, ಕಾಶೀಂಬಿ ಒಪ್ಪಿಗೆ ಹಾಕಿದರೆ ಸಾಕು. ಅಕ್ಟೋಬರ್ ಹದಿನಾರಕ್ಕೆ ಬರುತ್ತಾನಂತೆ.

ಅಕ್ಟೋಬರ್ ೩, ಗುರುವಾರ

ಕಾಶೀಂಬಿಗೆ ಬಿಡಿಸಿ ಹೇಳಿದೆ. ನಮ್ಮ ಮನೆ ಕೆಡವಿದರೆ ನಡುಗೋಡೆ ಹೋಗುತ್ತದೆ, ಅದರ ಜೊತೆ ಅವಳ ಮಲಗುವ ಕೋಣೆಯ ಮಾಳಿಗೆಯೂ ಇಳಿಯುತ್ತದೆ, ಅವಳಿಗೆ ವಿಮೆ ಇಲ್ಲ. ಮೋಸ ಮಾಡಿದಳು ಅನ್ನಿಸಿಕೊಳ್ಳಲು ನನಗೆ ಇಷ್ಟವಿಲ್ಲ. ಅವಳು ಹಳೆ ಸೀರೆಗಳ ಕೌದಿ ಹೊಲಿಯುತ್ತ ಕೇಳಿಸಿಕೊಂಡಳು.

"ರೋಣದಾಗ ನಳ ಮನ್ಯಾಗ ಬರ್ತದೇನು?"

"ಬರ್ತದ."

"ಚಲೋ ಆತು. ನಿನ್ನ ಸೊಂಟಾನೂ ಹೋಗೇತಿ, ಎಷ್ಟಂತ ನೀರ ಹೊರತಿ. ಹೆಬ್ಬಟ್ಟು ಎಲ್ಲಿ ಒತ್ತಬೇಕು ಹೇಳು."

ಮುಗಿಯಿತು. ಒಂದು ಮಾತು ಚೌಕಾಸಿ ಇಲ್ಲ! ಇಂಥವರ ಜೊತೆ ವ್ಯವಹಾರ ಮಾಡುವುದೆಂದರೆ ಗಾಳಿಗೆ ಗುದ್ದಿದ ಹಾಗೆ. ನನ್ನ ಜಾಗದಲ್ಲಿ ಬೇರೆ ಯಾರಾದರೂ ಇದ್ದಿದ್ದರೆ ಇವಳನ್ನು ಮಾರಿ ಬರುತ್ತಿದ್ದರು. ಸಿಟ್ಟು ಬಂದು ಎದ್ದು ಬಂದೆ.

ಅಕ್ಟೋಬರ್ ೬, ಭಾನುವಾರ

ರೋಣದ ಪ್ಲಾಟಿಗೆ ಹೋಗಿ ಜಾಲಿ ಕಡಿಸಿದೆ. ಅಡುಗೆಮನೆ ಎಲ್ಲಿ, ದೇವರ ಕೋಣೆ ಎಲ್ಲಿ ಎಂದು ಕಡ್ಡಿಯಿಂದ ಗೆರೆ ಎಳೆದೆ. ಚೆನ್ನಾಗಿತ್ತು. ಅಕ್ಕಪಕ್ಕದವರು ಕಾಂಪೌಂಡ್ ಎತ್ತರಕ್ಕೆ ಕಟ್ಟಿಸಿಕೊಂಡಿದ್ದಾರೆ, ಯಾರ ಮುಖವೂ ಕಾಣುವುದಿಲ್ಲ. ಅಬ್ಬಾ, ನೆಮ್ಮದಿ. ಪಕ್ಕದ ಮನೆಯ ಹೆಂಗಸು ಗೇಟಿನೊಳಗಿಂದಲೇ ಯಾರು ಏನು ಎಂದು ಕೇಳಿದಳು. ಕುಡಿಯಲು ನೀರು ಬೇಕೆಂದೆ. ಬಾಟಲಿ ಅಂಗಡಿಯಲ್ಲಿ ಸಿಗುತ್ತದೆ ಎಂದಳು. ಸಿಕ್ಕಿತು.

ಅಕ್ಟೋಬರ್ ೧೪, ಸೋಮವಾರ

ಡ್ಯೂಟಿಯಿಂದ ಬಂದಾಗ ಕಾಶೀಂಬಿಯ ಮನೆಯಲ್ಲಿ ಸಾಮಾನು ಎಳೆಯುವ ಸದ್ದು. ಹೋಗಿ ನೋಡಿದರೆ ಮಲಗುವ ಕೋಣೆ ಖಾಲಿ. ಕೌದಿಗಳ ಗಂಟು, ಟ್ರಂಕು, ಖಾಜಾಸಾಬನ ಫೋಟೋ ಎಲ್ಲ ಒಲೆಯ ಪಕ್ಕ ರಾಶಿ ಬಿದ್ದಿದೆ. ಕೋಳಿಗಳ ಬುಟ್ಟಿಯನ್ನು ಅಂಗಳಕ್ಕೆ ತಳ್ಳಿದ್ದಾಳೆ. ಅವಳು ಏಣಿ ಹತ್ತಿ ನಾಗಂದಿಗೆಯ ಹಲಗೆಯ ಮೇಲಿದ್ದ ಗಡಿಗೆ ಇಳಿಸುತ್ತಿದ್ದಳು.

"ಇದೇನ ನಡಸೀಯ ಕಾಶೀಂಬಕ್ಕಾ?"

"ನಾಡದು ನಿಮ್ಮ ಕಾಗದ ಮುಗೀತದಲ್ಲ. ಆಮ್ಯಾಲ ಆಳ ಬಂದು ಹೊರಗ ನಿಂದ್ರಬಾರದು, ಅದಕ್ಕ ಮೊದಲ ಖಾಲಿ ಮಾಡೀನಿ."

"ಮಲಗೂದು ಎಲ್ಲಿ?"

"ಒಲಿ ಕಡೆ. ಒಬ್ಬಾಕಿಗೆ ಎಷ್ಟ ಜಾಗ ಬೇಕು?"

"ಮಳಿ ಬಂದ್ರ?"

"ತಾಡಪತ್ರಿ ಹಾಕ್ತೀನಿ. ಜಬೀನಾ ಬಾ ಅಂತಾಳ ಗಜೇಂದ್ರಗಡಕ್ಕ. ಮಗಳ ಮನ್ಯಾಗ ಎಷ್ಟ ದಿನಾ ಕುಂಡ್ರಾಕ ಆಗತೈತಿ?"

ನನಗೆ ಸಿಟ್ಟು ನೆತ್ತಿಗೇರಿತು. ಇಷ್ಟು ಜೋರಾಗಿ ನಾನು ದವಾಖಾನೆಯಲ್ಲೂ ಕೂಗಿಲ್ಲ. "ಯಾರನ್ನ ಕೇಳಿ ಖಾಲಿ ಮಾಡಿದಿ? ಮೊದಲ ಏಣಿ ಇಳಿ! ಬಿದ್ದು ಕಾಲ ಮುರಕೊಂಡ್ರ ಯಾರ ನೋಡವರು? ನಾನ ನೋಡಬೇಕೇನು?" ಅವಳು ಹೆದರಿ ಇಳಿದಳು. ಆ ಗಡಿಗೆಯನ್ನು ಅವಳ ಕೈಯಿಂದ ಕಸಿದು ಮತ್ತೆ ನಾಗಂದಿಗೆಯ ಮೇಲೆ ಇಟ್ಟು ಬಂದೆ.

ಮುದುಕಿಯರಿಗೆ ಯಾವುದಕ್ಕೂ ತಾಳ್ಮೆಯಿಲ್ಲ. ಇನ್ನೂ ಸಹಿಯೇ ಆಗಿಲ್ಲ. ಅತ್ತೆ ರಾತ್ರಿ ಊಟ ಮಾಡಲಿಲ್ಲ. ಹೊಟ್ಟೆ ಸರಿಯಿಲ್ಲವಂತೆ. ಮಾತ್ರೆ ಕೊಟ್ಟೆ.

ಅಕ್ಟೋಬರ್ ೧೬, ಬುಧವಾರ

ಬಸವಪ್ರಸಾದ ಸವಡಿಗೆ ಬರುವುದು ಬೇಡವೆಂದು ಬೆಳಿಗ್ಗೆಯೇ ಫೋನ್ ಮಾಡಿ, ದವಾಖಾನೆಗೆ ಕರೆಸಿಕೊಂಡೆ. ಹೊರಗೆ ಬೇವಿನ ಗಿಡದ ಕಟ್ಟೆಯ ಮೇಲೆ ಕೂತ. ಇಡೀ ಮನೆಯ ಲೆಕ್ಕ ತೋರಿಸಿದ. ಖರೆ ಹೇಳಬೇಕೆಂದರೆ ಚಲೋ ಲೆಕ್ಕ ಮಾಡಿದ್ದ. ರೋಣದಲ್ಲಿ ನಾನು ಗೆರೆ ಎಳೆದಷ್ಟೂ ಮನೆ ಅದರಲ್ಲಿ ಏಳುತ್ತಿತ್ತು, ಟೈಲ್ಸ್ ಸಮೇತ.

"ಇಲ್ಲೊಂದು ಸಹಿ ಮೇಡಂ. ಗ್ವಾಡಿ ನಿಮ್ಮದು ಅಂತ. ಆ ಅಮ್ಮನ ಹೆಬ್ಬಟ್ಟು ನಾ ಹೋಗಿ ತಗೋತೀನಿ."

"ಗ್ವಾಡಿ ಕಾಶೀಂಬಿದು" ಎಂದೆ.

ಅವನು ನನ್ನ ಮುಖ ನೋಡಿದ. "ಏನಂದ್ರಿ?"

"ಕಿವಿ ಕೇಳಸಂಗಿಲ್ಲೇನು? ಪಕ್ಕದ ಮನಿ ಕಾಶೀಂಬಿ ಖಾಜಾಸಾಬಂದು. ಹಂಗ ಬರಕೊರಿ. ನನ್ನ ಸಹಿ ಅದಕ್ಕ ಹಾಕ್ತೀನಿ."

"ಮೇಡಂ, ಹಂಗಾರ ಮನಿ ಕೆಡವಾಕ ಬರಂಗಿಲ್ಲ. ಬರೇ ಅಡಿಗಿಮನಿ ದುರಸ್ತಿ ಅಷ್ಟ. ಎರಡು ತಿಂಗಳು ನನ್ನ ಜೀವಾ ತಿಂದೀರಿ. ಈಗ ಎಲ್ಲಾ ಬಂದೈತಿ. ನಿಮ್ಮದು ಅಂತ ಒಂದ ಮಾತ ಅಂದ್ರ ಸಾಕು."

"ಮಂದಿ ಗ್ವಾಡಿ ನನ್ನದು ಅಂತ ಬರದ ಕೊಡಾಕ ನಾ ಏನ್ ಕಳ್ಳಿ ಕಂಡೀನೇನು? ನಿಮ್ಮ ಕೆಲಸ ನೋಡ್ಕೊರಿ."

ಅವನು ಬೇರೆ ಹಾಳೆ ತೆಗೆದ. ಸಹಿ ಹಾಕಿದೆ. ಹೋಗುವಾಗ "ಮನ್ಯಾಗ ಕೇಳಿದ್ರ ಏನ ಹೇಳ್ಲಿ?" ಎಂದ.

"ಕಂಪನಿ ಒಪ್ಪಲಿಲ್ಲ ಅನ್ರಿ."

ಆಮೇಲೆ ವಾರ್ಡಿಗೆ ಹೋಗಿ ಎಲ್ಲರನ್ನೂ ಬೈದೆ. ಹುಡುಗಿಯರು ಮೂಲೆ ಸೇರಿದರು. ಸುಳ್ಳು ಬರೆದುಕೊಟ್ಟು ನಾಳೆ ಸಿಕ್ಕಿಬಿದ್ದರೆ ನನ್ನ ನೌಕರಿಗೇ ಕುತ್ತು. ಅದಕ್ಕೇ ಹಾಗೆ ಮಾಡಿದ್ದು. ಬೇರೆ ಏನೂ ಇಲ್ಲ. ಕಡ್ಡಿಯಲ್ಲಿ ಎಳೆದ ಆ ಗೆರೆಗಳು ಕಣ್ಣ ಮುಂದೆ ಬಂದು, ಔಷಧಿ ಕೋಣೆಯ ಬಾಗಿಲು ಹಾಕಿಕೊಂಡು ಸ್ವಲ್ಪ ಹೊತ್ತು ಅತ್ತುಬಿಟ್ಟೆ. ದುಃಖ ಆಗದೆ ಇರುತ್ತದೆಯೇ? ಆಯಿತು.

ಅಕ್ಟೋಬರ್ ೧೭, ಗುರುವಾರ

ಬೆಳಿಗ್ಗೆ ಚಹಾ ಕುಡಿಯುವಾಗ ಕಂಪನಿ ಒಪ್ಪಲಿಲ್ಲ, ರೋಣದ ಮನೆ ಆಗುವುದಿಲ್ಲ, ಇಲ್ಲೇ ಅಡುಗೆಮನೆ ಕಟ್ಟಿಕೊಳ್ಳಬೇಕು ಎಂದು ಹೇಳಿದೆ. ಗಂಡ ಲೋಟ ಕೆಳಗಿಟ್ಟು ನನ್ನನ್ನೇ ನೋಡಿದರು. "ನೋಡೂಣು" ಕೂಡ ಅನ್ನಲಿಲ್ಲ. ಅತ್ತೆ ಎದ್ದು ಹೋಗಿ ದೇವರ ಮುಂದೆ ಕೂತರು.

ಸುದ್ದಿ ಕೇಳಿ ಕಾಶೀಂಬಿ ಕೌದಿ ಅಲ್ಲೇ ಬಿಟ್ಟು ಓಡಿ ಬಂದಳು. ನನ್ನ ಕೈ ಹಿಡಿದುಕೊಂಡು ಅಳತೊಡಗಿದಳು. ಬಿಡಿಸಿಕೊಳ್ಳಲು ನೋಡಿದೆ, ಬಿಡಲಿಲ್ಲ.

"ಎಷ್ಟ ಆಸೆ ಇಟ್ಕೊಂಡಿದ್ದಿ ಯವ್ವ ನೀನು. ನಳದ ಮನಿ, ಟೈಲ್ಸ್ ಹಾಕಿದ ಕಟ್ಟಿ. ನಾ ಕೋಣಿ ಸೈತ ಖಾಲಿ ಮಾಡಿದ್ದೆ. ಆ ಕಂಪನಿಯವರ ಹೊಟ್ಟ್ಯಾಗ ಕರುಳ ಅದಾವೋ ಇಲ್ಲೋ? ಬಡವರ ಬಾಯಾಗಿನ ತುತ್ತು ಕಸಕೊಂಡ್ರಲ್ಲ. ಅವರ ಮನಿ ಹಾಳಾಗ! ಅವರ ಗ್ವಾಡಿ ಬೀಳ್ಲಿ!"

ಅವಳ ಕಣ್ಣೀರು ನನ್ನ ಮುಂಗೈ ಮೇಲೆ ಬೀಳುತ್ತಿತ್ತು. ಸಮಾಧಾನ ಮಾಡಲು ಬಂದವಳನ್ನು ನಾನೇ ಸಮಾಧಾನ ಮಾಡಬೇಕಾಯಿತು. ಅವಳ ಪಕ್ಕದಲ್ಲೇ ಕೂತು, ಆ ಕಂಪನಿಯನ್ನು, ಅದರ ಸರ್ವೇಯರನ್ನು, ಅವರ ಮೂರು ತಲೆಮಾರನ್ನು ಅವಳಿಗಿಂತ ಜೋರಾಗಿ ಬೈದೆ.